ಗಾಯಕರ ಬಾಯಿ ಎಷ್ಟು ತೆರೆದಿರಬೇಕು?

ಹಾಡುವವರ ದನಿ ಕೊರಳಿನಲ್ಲಿ ಹುಟ್ಟುತ್ತದೆ, ಕೊರಳಿನಿಂದ ತುಟಿಯವರೆಗಿನ ದಾರಿಯಲ್ಲಿ ರೂಪು ಪಡೆಯುತ್ತದೆ. ಧ್ವನಿಪೆಟ್ಟಿಗೆಯೊಳಗಿನ ಎರಡು ಧ್ವನಿತಂತುಗಳು ಉಸಿರಿನ ಒತ್ತಡಕ್ಕೆ ಕೂಡುತ್ತ ಬಿಡುತ್ತ ಮೂಲ ನಾದವನ್ನು ಕೊಡುತ್ತವೆ. ಆ ನಾದವನ್ನಷ್ಟೇ ಬೇರ್ಪಡಿಸಿ ಕೇಳಿಸಿಕೊಂಡರೆ ಅದೊಂದು ಒಣ ಗುಂಯ್‌ಗುಡುವಿಕೆ. ಅದರಲ್ಲಿ ‘ಆ’ ಇಲ್ಲ, ‘ಈ’ ಇಲ್ಲ, ಹಾಡುವವರ ಗುರುತೂ ಹೆಚ್ಚಿಲ್ಲ. ಗಂಟಲು, ನಾಲಿಗೆ, ಅಂಗಳ, ದವಡೆ, ತುಟಿ ಸೇರಿ ಆದ ಕೊಳವೆಯೇ ಅದಕ್ಕೆ ಬಣ್ಣ ಕೊಡುತ್ತದೆ. ಈ ಕೊಳವೆಯ ಗೋಡೆಗಳಲ್ಲಿ ಹೆಚ್ಚು ಸರಿದಾಡುವವುಗಳಲ್ಲಿ ಕೆಳದವಡೆಯೂ ಒಂದು. ಸಂಗೀತ ಪಾಠದಲ್ಲಿ ಗುರುಗಳು ಪದೇ ಪದೇ ಹೇಳುವ ‘ಬಾಯಿ ಬಿಟ್ಟು ಹಾಡು’ ಎಂಬ ಮಾತಿಗೆ ಆಧಾರ ಇದೇ. ಮಾತು ನಿಜ, ಆದರೆ ಪೂರ್ತಿಯಲ್ಲ. ಯಾವ ಸ್ವರಕ್ಕೆ, ಯಾವ ಅಕ್ಷರಕ್ಕೆ, ಎಷ್ಟು ಬಿಡಬೇಕು ಎಂಬುದು ಅದರಲ್ಲಿಲ್ಲ. ಬಿಟ್ಟ ಬಾಯಿ ಬಿಗಿದುಕೊಂಡಿದೆಯೋ ಸಡಿಲವಾಗಿದೆಯೋ ಎಂಬುದಂತೂ ಅದರಲ್ಲಿ ಇಲ್ಲವೇ ಇಲ್ಲ.

ಗಂಡಸರಲ್ಲಿ ಈ ದಾರಿಯ ಉದ್ದ ಸುಮಾರು 17 ಸೆಂಟಿಮೀಟರ್. ಹೆಂಗಸರಲ್ಲಿ 14ರಿಂದ 15. ಒಂದು ತುದಿ ಮುಚ್ಚಿ ಇನ್ನೊಂದು ತುದಿ ತೆರೆದ 17 ಸೆಂಟಿಮೀಟರ್ ಕೊಳವೆಗೆ 500, 1500, 2500 ಹರ್ಟ್ಜ್ ಆಸುಪಾಸಿನಲ್ಲಿ ಅನುನಾದ ಸ್ಥಾನಗಳಿರುತ್ತವೆ. ಮೂಲ ನಾದದ ಯಾವ ಉಪಸ್ವರ ಇವುಗಳ ಹತ್ತಿರ ಬೀಳುತ್ತದೆಯೋ ಅದು ಉಬ್ಬಿ ಹೊರಬರುತ್ತದೆ, ಉಳಿದವು ತಗ್ಗುತ್ತವೆ. ದವಡೆ ಇಳಿದಂತೆ ಮೊದಲ ಅನುನಾದ ಮೇಲೇರುತ್ತದೆ. ದವಡೆ ಮುಚ್ಚಿದಂತೆ ಕೆಳಗಿಳಿಯುತ್ತದೆ. ನಾಲಿಗೆ ಹಿಂದೆ ಮುಂದೆ ಸರಿದಾಗ ಮುಖ್ಯವಾಗಿ ಎರಡನೆಯದು ಬದಲಾಗುತ್ತದೆ. ತುಟಿ ದುಂಡಗಾದರೆ ಕೊಳವೆ ಉದ್ದವಾದಂತಾಗಿ ಎಲ್ಲವೂ ಇಳಿದು ದನಿ ಗಾಢವಾಗುತ್ತದೆ, ನಗುವಂತೆ ಅಗಲವಾದರೆ ಎಲ್ಲವೂ ಏರಿ ದನಿ ಬಿಳುಪೇರುತ್ತದೆ. ‘ಈ’ ಎನ್ನುವಾಗ ಗಂಡಸಿನ ಮೊದಲ ಅನುನಾದ ಸುಮಾರು 300 ಹರ್ಟ್ಜ್‌ನಲ್ಲಿರುತ್ತದೆ, ಬಾಯಿ ಬಿಟ್ಟು ‘ಆ’ ಎಂದಾಗ 700ರ ಆಚೆಗೆ ಹೋಗುತ್ತದೆ. ಹೆಂಗಸರಲ್ಲಿ ಈ ಅಂಕಿಗಳು ಇನ್ನಷ್ಟು ಮೇಲೆ.

ಈ ಲೆಕ್ಕ ಹಾಡಿನಲ್ಲಿ ಎಲ್ಲಿ ಕೈಗೆ ತಾಗುತ್ತದೆ ಎಂದು ನೋಡಲು ಹಾರ್ಮೋನಿಯಂ ಮನೆಗಳೇ ಸಾಕು. ಕರಿ ಒಂದನ್ನು ಷಡ್ಜ ಮಾಡಿಕೊಂಡ ಗಾಯಕನ ಮಧ್ಯ ಷಡ್ಜ ಸುಮಾರು 139 ಹರ್ಟ್ಜ್, ತಾರ ಷಡ್ಜ 277. ಕರಿ ಐದಕ್ಕೆ ಹಾಡುವ ಗಾಯಕಿಯ ಮಧ್ಯ ಷಡ್ಜ 233, ತಾರ ಷಡ್ಜ 466, ತಾರ ಪಂಚಮ ಹೆಚ್ಚುಕಡಿಮೆ 700. ಗಾಯಕನಿಗೆ ತಾರ ಷಡ್ಜದವರೆಗೆ ‘ಈ’ ಕಾರದಲ್ಲೂ ದೊಡ್ಡ ತೊಂದರೆಯಿಲ್ಲ. ಗಾಯಕಿಗೆ ಹಾಗಲ್ಲ. ಅವಳ ತಾರ ಷಡ್ಜವೇ ‘ಈ’ಯ ಮೊದಲ ಅನುನಾದವನ್ನು ದಾಟಿ ನಿಂತಿರುತ್ತದೆ. ದವಡೆಯನ್ನು ಮಾತಿನ ‘ಈ’ಯಲ್ಲಿದ್ದಷ್ಟೇ ಮುಚ್ಚಿಟ್ಟುಕೊಂಡರೆ ಆ ಸ್ವರಕ್ಕೆ ಕೊಳವೆಯ ಬೆಂಬಲವೇ ಸಿಗದು, ದನಿ ಸೊರಗಿ ತೆಳುವಾಗುತ್ತದೆ, ಅದನ್ನು ಸರಿದೂಗಿಸಲು ಗಂಟಲಿನಿಂದ ಒತ್ತಿದರೆ ಕಿರಿಚಿದಂತಾಗುತ್ತದೆ. ಪರಿಹಾರ ಸರಳ: ಸ್ವರ ಏರಿದಂತೆ ದವಡೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗುವುದು. ಆಗ ‘ಈ’ ‘ಎ’ಯ ಕಡೆಗೆ ವಾಲುತ್ತದೆ, ‘ಊ’ ‘ಓ’ದ ಕಡೆಗೆ. ಕೇಳುವವರು ಪದದ ಸಂದರ್ಭದಿಂದಲೇ ಅಕ್ಷರವನ್ನು ಊಹಿಸಿಕೊಳ್ಳುತ್ತಾರೆ, ಯಾರಿಗೂ ತಪ್ಪು ಕಾಣುವುದಿಲ್ಲ.

ಪಾಶ್ಚಾತ್ಯ ಒಪೆರಾದ ಸೊಪ್ರಾನೊ ಗಾಯಕಿಯರು ಹೀಗೆ ಮಾಡುತ್ತಾರೆಂದು ಸ್ವೀಡನ್ನಿನ ಯೊಹಾನ್ ಸುಂಡ್‌ಬೆರ್ಗ್ 1970ರ ದಶಕದಲ್ಲೇ ತೋರಿಸಿದ್ದರು. 2004ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಾಡುತ್ತಿರುವ ಗಾಯಕಿಯರ ಕೊಳವೆಯ ಅನುನಾದವನ್ನೇ ನೇರವಾಗಿ ಅಳೆದು ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಖಚಿತಪಡಿಸಿದರು. ನಮ್ಮ ಗಾಯಕಿಯರು ಒಪೆರಾದಷ್ಟು ಎತ್ತರಕ್ಕೆ ಹೋಗುವುದಿಲ್ಲ, ವಾದ್ಯವೃಂದವನ್ನು ಮೀರಿ ಕೇಳಿಸಬೇಕಾದ ಹಂಗೂ ಅವರಿಗಿಲ್ಲ. ಆದರೂ ಕೊಳವೆಯ ಭೌತಶಾಸ್ತ್ರ ಎರಡೂ ಕಡೆ ಒಂದೇ. ಗಂಗೂಬಾಯಿ ಹಾನಗಲ್ಲರಂತೆ ಗಡುಸಾದ ದನಿಯಲ್ಲಿ ತಗ್ಗಿನ ಶ್ರುತಿ ಹಿಡಿದು ಹಾಡುವವರಿಗೆ ಈ ಇಕ್ಕಟ್ಟು ತಡವಾಗಿ ಎದುರಾಗುತ್ತದೆ. ಹೆಣ್ಣುಮಕ್ಕಳೆಲ್ಲ ಎತ್ತರದ ಶ್ರುತಿಯಲ್ಲೇ ಹಾಡಬೇಕೆಂಬ ಹಟಕ್ಕೆ ಶಾಸ್ತ್ರದ ಬೆಂಬಲವಂತೂ ಇಲ್ಲ.

ಕನ್ನಡ ಹಾಡಿಕೆಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ವಚನಕಾರರ ಅಂಕಿತಗಳನ್ನು ನೋಡಿ: ಕೂಡಲಸಂಗಮದೇವಾ, ಗುಹೇಶ್ವರಾ, ಚೆನ್ನಮಲ್ಲಿಕಾರ್ಜುನಾ. ಎಲ್ಲವೂ ಕರೆಯುವ ರೂಪಗಳು, ಎಲ್ಲದರ ಕೊನೆಗೂ ತೆರೆದ ‘ಆ’. ವಚನ ಗಾಯನದಲ್ಲಿ ಹಾಡುವವರು ಆಲಾಪದ ಹರವನ್ನು, ತಾರ ಸ್ಥಾಯಿಯ ಏರಿಕೆಯನ್ನು ಅಂಕಿತಕ್ಕೆ ಉಳಿಸಿಕೊಳ್ಳುವುದು ಭಾವದ ದೃಷ್ಟಿಯಿಂದ ಸರಿಯೇ. ದವಡೆಗೂ ಅದು ಎಲ್ಲಕ್ಕಿಂತ ಅನುಕೂಲದ ಜಾಗ. ತತ್ವಪದ ಹಾಡುವವರಿಗೆ ಈ ಅನುಕೂಲ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಕಡಕೋಳ ಮಡಿವಾಳಪ್ಪ, ಚನ್ನೂರು ಜಲಾಲಸಾಬ, ಖೈನೂರು ಕೃಷ್ಣಪ್ಪ, ತೆಲುಗಬಾಳ ರೇವಪ್ಪ ಇವರ ಪದಗಳನ್ನು ಕಲಬುರಗಿ ಸೀಮೆಯ ಭಜನಾ ಮಂಡಳಿಗಳು ಇಂದಿಗೂ ಹಾಡುತ್ತವೆ. ಈ ಸೀಮೆಯ ಬಾಯಲ್ಲಿ ಮನೆ ‘ಮನಿ’ಯಾಗುತ್ತದೆ, ಮಳೆ ‘ಮಳಿ’, ತಲೆ ‘ತಲಿ’. ಸಾಲಿನ ಕೊನೆಗೆ ಇಂಥ ‘ಇ’ ಬಂದು ಅಲ್ಲೇ ದನಿ ಏರಿಸಿ ಎಳೆಯಬೇಕಾದಾಗ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಅನುಭವಿ ಹಾಡುಗಾರರು ಇದಕ್ಕೆ ಮದ್ದು ಕಂಡುಕೊಂಡಿದ್ದಾರೆ. ಎಳೆಯುವಾಗ ‘ಇ’ಯನ್ನು ಮೆಲ್ಲಗೆ ‘ಎ’ಗೆ ಜಾರಿಸುತ್ತಾರೆ, ಇಲ್ಲವೇ ಪದದ ಹಿಂದೆ ಒಂದು ‘ಹಾ’ ಸೇರಿಸಿ ಅದರ ಮೇಲೆ ಎಳೆಯುತ್ತಾರೆ. ಹೊಸಬರು ಹಲ್ಲು ಕಚ್ಚಿ ‘ಇ’ಯನ್ನೇ ಹಿಡಿಯುತ್ತಾರೆ, ನಾಲ್ಕು ಪದ ಮುಗಿಯುವಷ್ಟರಲ್ಲಿ ಗಂಟಲು ಬೀಳುತ್ತದೆ.

ಹಾಗಾದರೆ ಬಾಯಿ ದೊಡ್ಡದಾದಷ್ಟೂ ಒಳ್ಳೆಯದೇ? ಅಲ್ಲ. ಕಿವಿಯ ಮುಂದಿರುವ ದವಡೆ ಕೀಲಿನ ಚಲನೆಗೆ ಎರಡು ಹಂತಗಳಿವೆ. ಮೊದಲ 20–25 ಮಿಲಿಮೀಟರ್‌ವರೆಗೆ ಕೀಲು ಇದ್ದಲ್ಲೇ ತಿರುಗುತ್ತದೆ, ಆಮೇಲೆ ದವಡೆಯ ತಲೆಭಾಗ ಮುಂದಕ್ಕೆ ಜಾರುತ್ತದೆ. ಹದಿಹರೆಯ ದಾಟಿದ ಆರೋಗ್ಯವಂತರು ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವೆ 40ರಿಂದ 50 ಮಿಲಿಮೀಟರ್ ಬಾಯಿ ತೆರೆಯಬಲ್ಲರು. ತಮ್ಮದೇ ಮೂರು ಬೆರಳು ಜೋಡಿಸಿ ನೆಟ್ಟಗೆ ತೂರಿಸುವಷ್ಟು. ಹಾಡಿಗೆ ಅಷ್ಟೆಲ್ಲ ಬೇಕಾಗುವುದೇ ಇಲ್ಲ. ಮಧ್ಯ ಸಪ್ತಕದ ‘ಆ’ಕಾರಕ್ಕೆ ಒಂದೆರಡು ಬೆರಳಿನ ಸಂದು ಸಾಕು, ತಾರದಲ್ಲಿ ಇನ್ನಷ್ಟು. ಅದನ್ನು ಮೀರಿ ಬಲವಂತವಾಗಿ ಅಗಲಿಸಿದರೆ ಗಲ್ಲದಡಿಯ ಸ್ನಾಯುಗಳು ಬಿಗಿದು ನಾಲಿಗೆಯ ಬುಡವನ್ನು ಹಿಂದಕ್ಕೆ ದೂಡುತ್ತವೆ, ಬಾಯಿ ದೊಡ್ಡದಾಗಿ ಗಂಟಲು ಚಿಕ್ಕದಾಗುತ್ತದೆ. ಮುಂದೆ ಗಳಿಸಿದ್ದು ಹಿಂದೆ ಹೋಯಿತು. ಮಂದ್ರ ಸಪ್ತಕದಲ್ಲಂತೂ ಬಾಯಿ ಅತಿಯಾಗಿ ತೆರೆದರೆ ದನಿಯ ತಿರುಳೇ ಚದುರುತ್ತದೆ. ಖರಜ ಸಾಧನೆಯನ್ನು ಸ್ವಲ್ಪ ಮುಚ್ಚಿದ, ಓಂಕಾರದಂಥ ಬಾಯಲ್ಲಿ ಮಾಡಿಸುವುದಕ್ಕೆ ಅರ್ಥವಿದೆ.

ಎಂಟುನೂರು ವರ್ಷಗಳ ಹಿಂದೆಯೇ ಈ ಎರಡೂ ತುದಿಗಳನ್ನು ಒಬ್ಬರು ಗುರುತಿಸಿಟ್ಟಿದ್ದಾರೆ. ದೇವಗಿರಿಯ ಸೇವುಣ ಅರಸ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೆಯ ಶತಮಾನದಲ್ಲಿ ‘ಸಂಗೀತ ರತ್ನಾಕರ’ ಬರೆದ. ಆ ಗ್ರಂಥದಲ್ಲಿ ಗಾಯಕರ ದೋಷಗಳೆಂದು 25ನ್ನು ಪಟ್ಟಿ ಮಾಡಲಾಗಿದೆ. ಹಲ್ಲು ಕಚ್ಚಿ ಹಾಡುವವ ಸಂದಷ್ಟ. ಬಾಯಿಯನ್ನು ವಿಕಾರವಾಗಿ ಹಿಗ್ಗಲಿಸುವವ ಕರಾಲಿ. ಮುಖ, ಕೊರಳ ನರಗಳು ಉಬ್ಬುವಂತೆ ಹಾಡುವವ ಝೋಂಬಕ, ಕೆನ್ನೆಯನ್ನು ಸೋರೆಬುರುಡೆಯಂತೆ ಊದಿಸುವವ ತುಂಬಕಿ, ಕತ್ತು ಸೊಟ್ಟ ಮಾಡುವವ ವಕ್ರಿ. ಆಡಿನಂತೆ ಮುಖ ಮಾಡುವವನಿಗೂ ಒಂದು ಹೆಸರಿದೆ, ಮೂಗಿನಲ್ಲಿ ಹಾಡುವವನಿಗೂ ಇದೆ. ಇಪ್ಪತ್ತೈದರಲ್ಲಿ ಇಷ್ಟೊಂದು ದೋಷಗಳು ಬಾಯಿ, ದವಡೆ, ಕತ್ತಿಗೆ ಸೇರಿರುವುದು ಗಮನಿಸಬೇಕಾದ ಸಂಗತಿ. ನೋಡುವವರ ಕಣ್ಣಿಗೆ ಹಿತವಾಗಲೆಂದಷ್ಟೇ ಈ ಪಟ್ಟಿ ಹುಟ್ಟಿತು ಎಂದು ಓದುವವರಿದ್ದಾರೆ. ಆದರೆ ನರ ಉಬ್ಬುವುದು, ಹಲ್ಲು ಕಚ್ಚುವುದು ಇವೆಲ್ಲ ಇಂದಿನ ಧ್ವನಿ ಚಿಕಿತ್ಸಕರು ಬಿಗಿತದ ಗುರುತುಗಳೆಂದು ಹುಡುಕುವ ಅದೇ ಲಕ್ಷಣಗಳು.

ಬಿಗಿತ ದನಿಗೆ ತಲುಪುವ ದಾರಿ ಹೀಗಿದೆ. ದವಡೆಯನ್ನು ಮುಚ್ಚುವ ಮುಖ್ಯ ಸ್ನಾಯುಗಳು ಮೂರು: ಕೆನ್ನೆಯ ಹಿಂಬದಿಯ ಮ್ಯಾಸೆಟರ್, ಕಣತಲೆಯ ಟೆಂಪೊರಾಲಿಸ್, ದವಡೆಯ ಒಳಬದಿಯ ಟೆರಿಗಾಯ್ಡ್. ಇವು ಕಡಕ್ ರೊಟ್ಟಿ ಕಡಿಯಲೆಂದೇ ಆದ ಬಲಶಾಲಿ ಸ್ನಾಯುಗಳು, ಹಾಡಿನಲ್ಲಿ ಇವಕ್ಕೆ ಹೆಚ್ಚು ಕೆಲಸವಿಲ್ಲ. ತೆರೆಯುವ ಸ್ನಾಯುಗಳಾದರೋ ಸಣ್ಣವು, ಗಲ್ಲದಿಂದ ಹೊರಟು ಕೊರಳ ಮೇಲ್ಭಾಗದ ಹಯಾಯ್ಡ್ ಎಂಬ ಲಾಳದಾಕಾರದ ಎಲುಬಿಗೆ ಅಂಟಿಕೊಂಡಿವೆ. ಆ ಎಲುಬಿಗೆ ಬೇರೆ ಯಾವ ಎಲುಬಿನ ಜೋಡಣೆಯೂ ಇಲ್ಲ. ಧ್ವನಿಪೆಟ್ಟಿಗೆ ಅದರಿಂದ ತೊಟ್ಟಿಲಿನಂತೆ ಇಳಿಬಿದ್ದಿದೆ. ನಾಲಿಗೆಯ ಬುಡವೂ ಅದಕ್ಕೇ ಕಟ್ಟಿಕೊಂಡಿದೆ. ಹಾಗಾಗಿ ಮುಚ್ಚುವ ಸ್ನಾಯುಗಳು ಬಿಗಿದಿರುವಾಗಲೇ ತೆರೆಯುವ ಸ್ನಾಯುಗಳು ಬಾಯಿ ಬಿಡಿಸಲು ಎಳೆದರೆ ಆ ಜಗ್ಗಾಟ ಹಯಾಯ್ಡ್ ಮೂಲಕ ಧ್ವನಿಪೆಟ್ಟಿಗೆಯನ್ನೂ ಮೇಲೆಳೆಯುತ್ತದೆ. ಪೆಟ್ಟಿಗೆ ಮೇಲೇರಿದರೆ ಕೊಳವೆ ಗಿಡ್ಡವಾಗುತ್ತದೆ, ಧ್ವನಿತಂತುಗಳು ಒಂದನ್ನೊಂದು ಒತ್ತಿಕೊಳ್ಳುತ್ತವೆ.

ಕಿವಿಗೆ ಇದು ಕೆಲವು ರೀತಿಗಳಲ್ಲಿ ಕೇಳಿಸುತ್ತದೆ. ದನಿ ಚಪ್ಪಟೆಯಾಗಿ ತೆಳುವಾಗುತ್ತದೆ. ಏರುವಾಗ ಸ್ವರ ಸ್ವಲ್ಪ ಕೆಳಗೇ ಉಳಿಯುತ್ತದೆ, ಕೇಳುವವರು ಶ್ರುತಿಜ್ಞಾನವಿಲ್ಲವೆಂದು ತಪ್ಪು ತಿಳಿಯುತ್ತಾರೆ. ನಿಂತ ಸ್ವರದಲ್ಲಿ ಗಲ್ಲ ಅದುರಿದರೆ ದನಿಯೂ ಅದರ ಜೊತೆ ಅದುರುತ್ತದೆ, ಅದನ್ನು ಗಮಕವೆಂದು ಭ್ರಮಿಸುವವರು ಉಂಟು. ಮುಚ್ಚಿದ ಬಾಯಿಯ ಹಿಂದೆ ಅಂಗಳವೂ ಜೋತುಬಿದ್ದರೆ ನಾದ ಮೂಗಿಗೆ ಹೋಗುತ್ತದೆ. ಸಾಹಿತ್ಯ ಅಸ್ಪಷ್ಟವಾಗುವುದು ಇನ್ನೊಂದು ಗುರುತು. ನಾಲಿಗೆ ದವಡೆಯ ಹಂಗಿಲ್ಲದೆ ಆಡಬಲ್ಲದಾದರೆ ಲ, ನ, ಟ, ಳ ಎಲ್ಲವೂ ತೆರೆದ ಬಾಯಲ್ಲೇ ಬರುತ್ತವೆ. ಬಿಗಿದ ದವಡೆಯವರಿಗೆ ಪ್ರತಿ ಅಕ್ಷರಕ್ಕೂ ಇಡೀ ಗಲ್ಲವೇ ಮೇಲೆ ಕೆಳಗೆ ಆಡಬೇಕು. ಸರಗಮ್ ಹಾಡುವಾಗ ‘ಸ’ಗೆ ಹಲ್ಲುಗಳು ಹತ್ತಿರ ಬರಲೇಬೇಕು, ‘ಮ’ ‘ಪ’ಗಳಿಗೆ ತುಟಿ ಸೇರಲೇಬೇಕು, ಉಳಿದ ನಾಲ್ಕಕ್ಕೆ ದವಡೆ ನಿಂತಲ್ಲೇ ನಿಲ್ಲಬಹುದು. ದ್ರುತ ಸರಗಮ್‌ನಲ್ಲಿ ಕೆಲವರು ಬೇಗ ಬಳಲಲು ಒಂದು ಕಾರಣ ಇಲ್ಲಿದೆ.

ತಾನುಗಳ ವಿಷಯದಲ್ಲಿ ಹಿಂದುಸ್ತಾನಿ ಪರಂಪರೆ ಒಂದು ಸೂಕ್ಷ್ಮ ಭೇದ ಮಾಡಿದೆ. ದವಡೆಯನ್ನು ಆಡಿಸಿ ತೆಗೆಯುವ ತಾನಿಗೆ ‘ಜಬಡೇ ಕಿ ತಾನ್’ ಎಂಬ ಹೆಸರೇ ಇದೆ. ಪಠ್ಯಪುಸ್ತಕಗಳು ಅದನ್ನು ತಾನಿನ ಒಂದು ಬಗೆಯಾಗಿ ಪಟ್ಟಿಗೆ ಸೇರಿಸುತ್ತವೆ, ಬಹಳಷ್ಟು ಗುರುಗಳು ಶಿಷ್ಯರು ಆ ಕಡೆ ಹೊರಳಿದರೆ ತಡೆಯುತ್ತಾರೆ. ತಡೆಯುವುದೇ ಲೇಸು. ದವಡೆ ಭಾರವಾದ ಅಂಗ, ಕೊರಳಿನ ವೇಗ ಅದಕ್ಕಿಲ್ಲ. ಅದರಿಂದ ತೆಗೆದ ತಾನಿನಲ್ಲಿ ಪ್ರತಿ ಸ್ವರದ ಜೊತೆ ಅಕ್ಷರದ ಬಣ್ಣವೂ ‘ಆ–ಯ–ಆ–ಯ’ ಎಂದು ಹೊರಳುತ್ತದೆ, ಸ್ವರಗಳ ಅಂಚು ಸ್ಪಷ್ಟವೆನಿಸಿದರೂ ಅದು ಬಣ್ಣ ಬದಲಾದದ್ದರ ಭ್ರಮೆ, ಶ್ರುತಿ ಬದಲಾದದ್ದಲ್ಲ.

ಹಾಗೆಂದು ಆಡುವ ದವಡೆ, ಆಡುವ ಮುಖ ಎಲ್ಲವೂ ಬಿಗಿತವೇ ಎಂದುಕೊಂಡರೆ ಎಡವಟ್ಟಾಗುತ್ತದೆ. ಶಾರ್ಙ್ಗದೇವನ ಪಟ್ಟಿ ಹಿಡಿದು ಕೂತ ಪರೀಕ್ಷಕರು ಭೀಮಸೇನ ಜೋಶಿಯವರಿಗೆ ಎಷ್ಟು ಅಂಕ ಕೊಡುತ್ತಿದ್ದರೋ! ಅವರ ಮುಖ, ಕೈ, ಕತ್ತು ಎಲ್ಲವೂ ಹಾಡುತ್ತಿದ್ದವು, ದನಿ ಮಾತ್ರ ದಶಕಗಳ ಕಾಲ ನಿರಾಯಾಸವಾಗಿ ಹರಿಯಿತು. ಮುದ್ರಾದೋಷವೆಂದು ಹೆಸರಿಟ್ಟು ಖಂಡಿಸುವ ಮೊದಲು ನೋಡಬೇಕಾದದ್ದು ಚಲನೆಯನ್ನಲ್ಲ, ಒಂದೇ ಭಂಗಿಯಲ್ಲಿ ಬಿಗಿದು ನಿಂತ ದವಡೆಯನ್ನು. ಅಲುಗಾಡದ ಸುಂದರ ಮುಖದ ಹಿಂದೆಯೂ ಕಚ್ಚಿಕೊಂಡ ಹಲ್ಲುಗಳಿರಬಹುದು.

ತೆರೆಯುವ ಪ್ರಮಾಣ ಹಾಡಿಕೆಯ ಜಾತಿಯ ಮೇಲೂ ನಿಂತಿದೆ. ಮಲ್ಲಿಕಾರ್ಜುನ ಮನ್ಸೂರರು ಕಲಿತ ಜಯಪುರ–ಅತ್ರೌಲಿ ಘರಾಣೆ ತೆರೆದ ಆಕಾರಕ್ಕೆ ಹೆಸರಾದದ್ದು. ಅಬ್ದುಲ್ ಕರೀಂ ಖಾನರಿಂದ ಬೆಳೆದ ಕಿರಾಣಾ ನಾದ ಅದಕ್ಕಿಂತ ಒಳಮುಖ, ಮೃದು. ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಮೈಕಿನ ಮುಂದೆ ಕೂತು ಹಾಡುವ ಖಯಾಲ್ ಗಾಯಕರು ಎರಡರಲ್ಲಿ ಯಾವ ದಾರಿ ಹಿಡಿದರೂ ನಡೆಯುತ್ತದೆ. ಖ್ವಾಜಾ ಬಂದೇನವಾಜ್ ದರ್ಗಾದ ಉರುಸಿನಲ್ಲಿ ಚಪ್ಪಾಳೆ, ಢೋಲಕ್‌ಗಳ ನಡುವೆ ಏರುದನಿಯಲ್ಲಿ ಸಾಗುವ ಖವ್ವಾಲಿಗೆ ಒಳಮುಖ ನಾದ ಒದಗದು, ಅಲ್ಲಿ ಅಗಲ ಬಾಯಿಯೇ ಸರಿ. ಮೊಹರಂನಲ್ಲಿ ಹೆಜ್ಜೆ ಹಾಕುತ್ತ ಬಯಲಲ್ಲಿ ಹಾಡುವ ರಿವಾಯತ್ ಪದಗಳಿಗೂ ಇದೇ ಮಾತು.

ಕಷ್ಟ ಹೆಚ್ಚಿರುವುದು ಭಜನೆಯವರಿಗೆ. ಹುಮನಾಬಾದ್ ರಸ್ತೆಯ ಕಮಲಾಪುರದಂಥ ಊರಿನಲ್ಲಿ ಶ್ರಾವಣದ ಭಜನೆಗೆ ಕೂಡುವವರು ಹಗಲು ಹೊಲದಲ್ಲೋ ಅಂಗಡಿಯಲ್ಲೋ ದುಡಿದು ಬಂದವರು. ಗುಡಿಯ ಮೇಲಿನ ಹಾರ್ನ್ ಸ್ಪೀಕರ್ ದನಿಯ ಬುಡವನ್ನು ಕತ್ತರಿಸಿ ಮೇಲಿನ ಚೂಪನ್ನಷ್ಟೇ ಊರಿಗೆ ಬಿತ್ತರಿಸುತ್ತದೆ. ತಾಳ, ದಮ್ಮಡಿ, ಹಾರ್ಮೋನಿಯಂಗಳ ಗದ್ದಲದಲ್ಲಿ ಹಾಡುವವರಿಗೆ ತಮ್ಮ ದನಿ ತಮಗೇ ಕೇಳುವುದಿಲ್ಲ. ಕೇಳಿಸದಿದ್ದಾಗ ಯಾರಾದರೂ ಒತ್ತಿ ಹಾಡುತ್ತಾರೆ. ಗಲ್ಲ ಮುಂದೆ ಚಾಚುತ್ತದೆ, ಕತ್ತು ಮೈಕಿನ ಕಡೆ ಉದ್ದವಾಗುತ್ತದೆ. ಶ್ರುತಿಯನ್ನು ಒಂದು ಮನೆ ಇಳಿಸುವುದು, ಒಂದು ಸ್ಪೀಕರನ್ನು ತಮ್ಮ ಕಡೆಗೂ ತಿರುಗಿಸಿಕೊಳ್ಳುವುದು ಇಲ್ಲಿ ಯಾವ ಕಂಠಸಾಧನೆಗಿಂತಲೂ ಹೆಚ್ಚು ಉಪಕಾರಿ.

ದವಡೆಗೆ ಇನ್ನೊಂದು ಶತ್ರು ಪಾನ್ ಡಬ್ಬಿಯಲ್ಲಿದೆ. ಅಡಿಕೆ ಅಗಿಯುವ ಚಟ ಬಾಯಿಯ ಒಳಪದರದಡಿಯಲ್ಲಿ ನಾರಿನಂಥ ಗಡುಸು ಅಂಗಾಂಶ ಬೆಳೆಸುತ್ತದೆ. ಕೆನ್ನೆ ಬಿಗಿಯುತ್ತದೆ, ಖಾರ ತಿಂದರೆ ಉರಿಯುತ್ತದೆ, ಬಾಯಿ ವರ್ಷದಿಂದ ವರ್ಷಕ್ಕೆ ಕಡಿಮೆ ತೆರೆಯುತ್ತದೆ. ವೈದ್ಯರು ಇದನ್ನು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬುವವರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಹೆಂಗಸರಲ್ಲಿ ಇದನ್ನು ಮೊದಲು ವರ್ಣಿಸಿದರು. ಇದು ಬಾಯಿ ಕ್ಯಾನ್ಸರಿನ ಮುನ್ಸೂಚನೆಯೂ ಹೌದು. ತಂಬಾಕು ಬೆರೆಸದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಯಿತು, ಆದರೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಂಡು ಬೆರೆಸಿಕೊಳ್ಳುವವರಿಗೆ ಅಡ್ಡಿಯೇನೂ ಆಗಲಿಲ್ಲ. ಸಂಗೀತದವರಲ್ಲಿ ಪಾನ್ ಬೈಠಕ್ಕಿನ ಮರ್ಯಾದೆಯ ಭಾಗ, ಕಂಠಕ್ಕೆ ಒಳ್ಳೆಯದೆಂಬ ನಂಬಿಕೆಯೂ ಇದೆ. ನಂಬಿಕೆಗೆ ಆಧಾರವಿಲ್ಲ. ರೋಗ ಬಲಿತವರ ಬಾಯಿ 20 ಮಿಲಿಮೀಟರ್‌ಗಿಂತ ಕಡಿಮೆ ತೆರೆಯುತ್ತದೆ. ಕಮಲಾಪುರದ ದಪ್ಪ ಕೆಂಪು ಬಾಳೆಹಣ್ಣನ್ನು ಅವರು ಕಚ್ಚಿ ತಿನ್ನಲಾರರು, ಹೆಚ್ಚಿ ತಿನ್ನಬೇಕು. ತಾರ ಷಡ್ಜದ ಆಕಾರಕ್ಕೆ ಬೇಕಾದ ಜಾಗ ಅಂಥ ಬಾಯಲ್ಲಿ ಉಳಿದಿರುವುದಿಲ್ಲ. ಗಡುಸಾದ ಭಾಗ ಮೊದಲಿನಂತಾಗುವುದೂ ಕಷ್ಟ, ಚಟ ಬಿಟ್ಟರೆ ಮುಂದುವರಿಯುವುದನ್ನಷ್ಟೇ ನಿಧಾನಿಸಬಹುದು.

ರೋಗವಿಲ್ಲದ ಬರೀ ಬಿಗಿತವನ್ನು ಬಿಡಿಸಲು ಹೆಚ್ಚಿನ ಸಾಮಗ್ರಿ ಬೇಡ. ಎರಡು ಕೈಯ ಬೆರಳುಗಳನ್ನು ಕಿವಿಯ ಮುಂದೆ, ಕೀಲಿನ ಮೇಲಿಟ್ಟು ಹಾಡಿದರೆ ದವಡೆ ಎರಡೂ ಕಡೆ ಸಮನಾಗಿ ಇಳಿಯುತ್ತದೆಯೇ, ಎಲ್ಲಿ ಗಂಟುಕಟ್ಟುತ್ತದೆ ಎಂದು ತಿಳಿಯುತ್ತದೆ. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂದೆ ಉಬ್ಬುವ ಮ್ಯಾಸೆಟರನ್ನು ಗುರುತಿಸಿಕೊಂಡು ಮೇಲಿನಿಂದ ಕೆಳಕ್ಕೆ ಮೆಲ್ಲಗೆ ತಿಕ್ಕುವುದು, ಆಕಳಿಸಿ ನಿಟ್ಟುಸಿರಿನೊಂದಿಗೆ ದನಿ ಬಿಡುವುದು, ಗಲ್ಲಕ್ಕೆ ಒಂದು ಬೆರಳು ಆನಿಸಿ ದವಡೆ ಕದಲದಂತೆ ‘ಲಾ ಲಾ ಲಾ’ ಎನ್ನುತ್ತ ಏರಿಳಿಯುವುದು ಉಪಯುಕ್ತ. ತುಟಿ ಅದುರಿಸುತ್ತ ‘ಬ್ರ್ರ್’ ಎಂದು ಸ್ವರ ಏರಿಸುವ ಅಭ್ಯಾಸದಲ್ಲಿ ದವಡೆ ಬಿಗಿದರೆ ತುಟಿ ಅದುರುವುದು ತಾನೇ ನಿಲ್ಲುತ್ತದೆ, ಪರೀಕ್ಷೆಯೂ ಮದ್ದೂ ಒಟ್ಟಿಗೇ ಆದಂತೆ. ಆಸ್ಟ್ರಿಯಾ ಮೂಲದ ಎಮಿಲ್ ಫ್ರೋಷೆಲ್ಸ್ ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತ ದನಿ ಹೊರಡಿಸುವ ಚಿಕಿತ್ಸೆಯನ್ನು ಬಳಕೆಗೆ ತಂದರು. ನೋಡಲು ನಗು ಬಂದರೂ ಕಚ್ಚುವ ಸ್ನಾಯುಗಳು ಅದರಿಂದ ಸಡಿಲುತ್ತವೆ. ಹಲ್ಲುಗಳ ನಡುವೆ ಬಿರಡೆ ಇಟ್ಟುಕೊಂಡು ಹಾಡಿಸುವ ಪದ್ಧತಿ ಮಾತ್ರ ಬೇಡ. ಬಾಯಿ ತೆರೆದಿರುತ್ತದೆ ನಿಜ, ಆದರೆ ಬಿರಡೆಯನ್ನು ಹಿಡಿದಿಡಲು ಹಲ್ಲು ಕಚ್ಚಲೇಬೇಕಾಗುತ್ತದೆ.

ಕನ್ನಡಿಯ ಮುಂದೆ ಕೂತು ಸಾಧನೆ ಮಾಡುವುದು ಹಳೆಯ ರೂಢಿ. ಅದರಿಂದ ಮುದ್ರಾದೋಷ ಕಾಣುತ್ತದೆ, ಬಾಯೊಳಗಿನ ನಾಲಿಗೆಯ ಬುಡ ಕಾಣುವುದಿಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಯಾರು ಮಾಡಿದ ಎಷ್ಟೋ ಮಂದಿ ಅಂಧ ಗಾಯಕರಿಗೆ ಕನ್ನಡಿಯ ಪ್ರಶ್ನೆಯೇ ಇರಲಿಲ್ಲ, ಗುರುಗಳಿಬ್ಬರೂ ಸ್ವತಃ ಅಂಧರು. ಗಲ್ಲ, ಕೀಲು, ಕೊರಳ ಮೇಲೆ ಬೆರಳಿಟ್ಟು ತಿಳಿಯುವ ಕ್ರಮ ಕಣ್ಣಿದ್ದವರಿಗೂ ಕನ್ನಡಿಗಿಂತ ಹೆಚ್ಚು ಹೇಳುತ್ತದೆ. ಬಾಯಿ ತೆರೆದಾಗ ಕೀಲಿನಲ್ಲಿ ಬರೀ ‘ಟಕ್’ ಎಂದರೆ ಗಾಬರಿಯಾಗಬೇಕಿಲ್ಲ; ನೋವಿದ್ದರೆ, ದವಡೆ ಒಂದು ಕಡೆಗೆ ಎಳೆದರೆ ಅಥವಾ ಮೂರು ಬೆರಳು ಹಿಡಿಸದಿದ್ದರೆ ದಂತವೈದ್ಯರಿಗೆ ತೋರಿಸಬೇಕು. ಮೂರು ವಾರವಾದರೂ ಹೋಗದ ಗೊಗ್ಗರು ದನಿಯನ್ನು ಕಿವಿ–ಮೂಗು–ಗಂಟಲು ತಜ್ಞರು ಒಮ್ಮೆ ಒಳಗೆ ಇಣುಕಿ ನೋಡಲೇಬೇಕು, ಅಲ್ಲಿಯವರೆಗೆ ತಾರ ಸಪ್ತಕದ ಸಾಧನೆ ನಿಲ್ಲಿಸುವುದು ಕ್ಷೇಮ.